ಕಾಂಡೋಮ್ ಬಗ್ಗೆ ಹೇಳಿದರೆ ಮಕ್ಕಳಿಗೆ ನಾವೇ ದಾರಿ ತೋರಿಸಿದ ಹಾಗಾಗಲ್ವಾ?

ಹೈಸ್ಕೂಲಿಗೆ ಹೋಗುವ ಮಕ್ಕಳ ಅಪ್ಪ ಅಮ್ಮಂದಿರು ಪದೇ ಪದೇ ಕೇಳುವ ಪ್ರಶ್ನೆ ಇದು. ಇಲ್ಲ, ಹಾಗೇನೂ ಆಗುವುದಿಲ್ಲ.

ಸುಮ್ನೆ ಸಮಾಧಾನಕ್ಕೆ ಹೇಳುತ್ತಿಲ್ಲ. ಅಮೆರಿಕ ಸರ್ಕಾರದ ಸಾರ್ವಜನಿಕ ಆರೋಗ್ಯ ಸಂಸ್ಥೆಯಾದ ಸಿಡಿಸಿ 1991ರಿಂದ ಸುಮಾರು ಎರಡು ವರ್ಷಕ್ಕೊಮ್ಮೆ 9ರಿಂದ 12ನೇ ತರಗತಿಯ ಮಕ್ಕಳನ್ನೇ ಈ ವಿಷಯ ಕೇಳುತ್ತಾ ಬಂದಿದೆ. ಹೆಸರು ಬರೆಯುವ ಹಾಗಿಲ್ಲ, ಹಾಗಾಗಿ ಮುಜುಗರ ಸ್ವಲ್ಪ ಕಡಿಮೆ. ಒಮ್ಮೆಯಾದರೂ ಲೈಂಗಿಕ ಸಂಪರ್ಕ ಆಗಿದೆ ಎಂದವರು 1991ರಲ್ಲಿ ನೂರಕ್ಕೆ 54. 2023ರಲ್ಲಿ 32. ಇಳಿದದ್ದಕ್ಕೆ ಲೈಂಗಿಕ ಶಿಕ್ಷಣದ ಪಾಠವೊಂದೇ ಕಾರಣ ಅಂತ ನಾನು ಹೇಳುವುದಿಲ್ಲ. ಆದರೆ ಕಾಂಡೋಮ್ ಅನ್ನುವ ಮಾತು ಎಲ್ಲೆಡೆ ಕಿವಿಗೆ ಬೀಳತೊಡಗಿದ ವರ್ಷಗಳಲ್ಲೇ ಇದು ಇಳಿದಿದೆ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟಿಗೆ ನೋಡಿದ ಯುನೆಸ್ಕೋ ಕೂಡ, ಲೈಂಗಿಕ ಶಿಕ್ಷಣದಿಂದ ಮಕ್ಕಳ ಲೈಂಗಿಕ ಚಟುವಟಿಕೆ ಹೆಚ್ಚುವುದಿಲ್ಲ ಎಂದೇ ಹೇಳಿದೆ.

ನನಗೆ ಜಾಸ್ತಿ ಚಿಂತೆ ಹುಟ್ಟಿಸುವುದು ಬೇರೆ ಅಂಕಿ. ಅದೇ ಸಮೀಕ್ಷೆಯಲ್ಲಿ, ಹಿಂದಿನ ಮೂರು ತಿಂಗಳಲ್ಲಿ ಲೈಂಗಿಕ ಸಂಪರ್ಕ ನಡೆಸಿದ್ದ ಮಕ್ಕಳಲ್ಲಿ, ಕೊನೆಯ ಸಲ ಕಾಂಡೋಮ್ ಬಳಸಿದ್ದೆವು ಎಂದವರು 2003ರಲ್ಲಿ ನೂರಕ್ಕೆ 63. 2023ರಲ್ಲಿ 52. ಅಲ್ಲಿಗೆ, ಸಂಪರ್ಕಕ್ಕೆ ಇಳಿಯುವವರು ಕಡಿಮೆಯಾದರು, ಅವರಲ್ಲಿ ಎಚ್ಚರವೂ ಕಡಿಮೆಯಾಯಿತು.

ಹೇಳಿಕೊಡಬೇಕಾದದ್ದು ತೀರಾ ಸಣ್ಣ ವಿಷಯಗಳು. ಎಂದಾದರೂ ಬೇಕಾದೀತು ಅಂತ ಪರ್ಸಿನಲ್ಲಿ ತಿಂಗಳುಗಟ್ಟಲೆ ಇಟ್ಟ ಕಾಂಡೋಮ್, ಮೈಶಾಖಕ್ಕೂ ಉಜ್ಜಾಟಕ್ಕೂ ಸಿಕ್ಕಿ ದುರ್ಬಲವಾಗಿರುತ್ತದೆ. ಎಣ್ಣೆ, ವ್ಯಾಸಲೀನ್ ತಾಗಿದರೆ ಕಾಂಡೋಮಿನ ರಬ್ಬರ್ (ಲೇಟೆಕ್ಸ್) ಸುಲಭವಾಗಿ ಹರಿದುಹೋಗುತ್ತದೆ. ಪ್ರತಿ ಸಲ, ಸರಿಯಾಗಿ ಬಳಸಿದರೆ ವರ್ಷಕ್ಕೆ ನೂರು ಮಹಿಳೆಯರಲ್ಲಿ ಸುಮಾರು 2 ಮಂದಿ ಗರ್ಭಿಣಿಯರಾಗಬಹುದು. ಜನ ನಿಜವಾಗಿ ಬಳಸುವ ರೀತಿಯಲ್ಲಿ ಅದು 13. ಈ ವ್ಯತ್ಯಾಸ ಬಹುಪಾಲು ಬಳಸುವ ಕೈಯದ್ದು, ಕಾಂಡೋಮಿನದ್ದಲ್ಲ. ದಿನಾ ನುಂಗುವ ಗರ್ಭನಿರೋಧಕ ಮಾತ್ರೆ ಗರ್ಭವನ್ನಷ್ಟೇ ತಡೆಯುತ್ತದೆ, ಎಚ್‌ಐವಿಯಂಥ ಸೋಂಕನ್ನಲ್ಲ. ಎಷ್ಟೋ ದೊಡ್ಡವರಿಗೇ ಇದು ಗೊತ್ತಿರುವುದಿಲ್ಲ ಬಿಡಿ.

ಇನ್ನು ಕಾಂಡೋಮ್ ಹರಿದೇ ಹೋಯಿತು ಅಂತಿಟ್ಟುಕೊಳ್ಳಿ. ಗರ್ಭ ನಿಲ್ಲದಂತೆ ತಡೆಯಲು ಲೆವೊನೋರ್ಜೆಸ್ಟ್ರೆಲ್ ಎಂಬ ತುರ್ತು ಮಾತ್ರೆ ಇದೆ. 72 ಗಂಟೆಯೊಳಗೆ ತೆಗೆದುಕೊಳ್ಳಬೇಕು, ಬೇಗ ತೆಗೆದುಕೊಂಡಷ್ಟೂ ಒಳ್ಳೆಯದು. ಮನೆಯಲ್ಲಿ ಬಾಯಿ ಬಿಡಲು ಹೆದರುವ ಹುಡುಗಿಗೆ, ಯಾರನ್ನು ಕೇಳಲಿ ಎಂದು ಯೋಚಿಸುವುದರಲ್ಲೇ ಆ ಮೂರು ದಿನ ಮುಗಿದುಹೋಗಿರುತ್ತದೆ.