ಸ್ಟಿಯರರ್ ಗಿಡ್ಡವಾದಾಗ: ಎತ್ತರದ ಲೆಕ್ಕ ಬೇರೆ, ಹಿಡಿತದ ಲೆಕ್ಕ ಬೇರೆ

ಸೈಕಲ್ಲಿನ ಮುಂಚಕ್ರವನ್ನು ಹಿಡಿದಿರುವ ಫೋರ್ಕಿನ ಮೇಲ್ತುದಿಯಿಂದ ಹೊರಟು, ಚೌಕಟ್ಟಿನ ಮುಂಭಾಗದ ಗಿಡ್ಡ ಕೊಳವೆಯಾದ ಹೆಡ್ ಟ್ಯೂಬಿನೊಳಗೆ ತೂರಿ, ಮೇಲೆ ಹ್ಯಾಂಡಲನ್ನು ಹೊರುವ ಕೊಳವೆಗೆ ಸ್ಟಿಯರರ್ ಎಂದು ಹೆಸರು. ಅದು ಸರಾಗವಾಗಿ ತಿರುಗುವಂತೆ ಹೆಡ್ ಟ್ಯೂಬಿನ ಮೇಲೊಂದು, ಕೆಳಗೊಂದು ಬೇರಿಂಗ್ ಇರುತ್ತವೆ. ಈ ಜೋಡಿಯೇ ಹೆಡ್‌ಸೆಟ್. ಹಳೆಯ ಫೋರ್ಕನ್ನು ಹೊಸ ಚೌಕಟ್ಟಿಗೆ ಕೂರಿಸಲು ಹೊರಟವರಿಗೆ ಸಾಮಾನ್ಯವಾಗಿ ಎದುರಾಗುವ ತೊಡಕೆಂದರೆ, ಹಿಂದಿನ ಮಾಲೀಕರು ತಮ್ಮ ಅಳತೆಗೆ ಕೊಯ್ದಿದ್ದ ಸ್ಟಿಯರರ್ ಈಗ ಸಾಲದಿರುವುದು.

ಹಾಲಿನ ಕ್ಯಾನು ಹೊತ್ತು ಓಡಾಡುವ ನಮ್ಮ ಹಳೆಯ ಮಾದರಿಯ ಸೈಕಲ್ಲುಗಳಲ್ಲಿ ಈ ತೊಡಕು ಇಷ್ಟು ಕಾಡುವುದಿಲ್ಲ. ಅಲ್ಲಿ ಸ್ಟಿಯರರಿನ ಹೊರಮೈಗೆ ತಿರುಪಿನ ಮರೆ (ಥ್ರೆಡ್) ಕೊರೆದು ನಟ್ಟಿನಿಂದ ಬೇರಿಂಗನ್ನು ಬಿಗಿ ಮಾಡುತ್ತಾರೆ. ಹ್ಯಾಂಡಲಿನ ದಂಡ ಕೊಳವೆಯ ಒಳಗಿಳಿದು ಬೇರೆಯಾಗಿಯೇ ಬಿಗಿಯಾಗುವುದರಿಂದ, ಅದನ್ನು ಮೇಲೆಳೆಯುವುದಕ್ಕೂ ಕೆಳಗಿಳಿಸುವುದಕ್ಕೂ ಸ್ಟಿಯರರಿನ ಉದ್ದಕ್ಕೂ ಹೆಚ್ಚಿನ ಸಂಬಂಧವಿಲ್ಲ. ಅಮೆರಿಕದ ಜಾನ್ ರೇಡರ್ ಅವರಿಗೆ 1992ರಲ್ಲಿ ಪೇಟೆಂಟ್ ದೊರೆತ, ಏಹೆಡ್‌ಸೆಟ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂದ ಮರೆಯಿಲ್ಲದ ವಿನ್ಯಾಸವು ಇದನ್ನು ಬದಲಿಸಿತು. ಇದರಲ್ಲಿ ಹ್ಯಾಂಡಲನ್ನು ಸ್ಟಿಯರರಿಗೆ ಜೋಡಿಸುವ ಸ್ಟೆಮ್ ಎಂಬ ತುಂಡು ಸ್ಟಿಯರರಿನ ಹೊರಮೈಯನ್ನೇ ಅಪ್ಪಿ ಹಿಡಿಯುತ್ತದೆ. ಒಂದೇ ಫೋರ್ಕನ್ನು ಎಲ್ಲ ಅಳತೆಯ ಚೌಕಟ್ಟುಗಳಿಗೂ ಕೊಯ್ದು ಹೊಂದಿಸಬಹುದಾದ್ದರಿಂದ ತಯಾರಕರಿಗೆ ಇದು ದೊಡ್ಡ ಅನುಕೂಲವಾಯಿತು. ಕೊಯ್ದ ಮೇಲೆ ಬೆಳೆಸಲಾಗದೆಂಬ ತಾಪತ್ರಯ ಮಾತ್ರ ಬಳಸುವವರ ಪಾಲಿಗೆ ಬಂತು.

ಎಷ್ಟು ಉದ್ದ ಬೇಕೆಂಬುದು ಬರಿಯ ಕೂಡಿಸುವ ಲೆಕ್ಕ. ಹೆಡ್ ಟ್ಯೂಬು 130 ಮಿ.ಮೀ., ಕೆಳಗಿನ ಬೇರಿಂಗ್ ಬಟ್ಟಲು ಆಕ್ರಮಿಸುವ ಎತ್ತರ 12, ಮೇಲಿನದು 15, ಸ್ಟೆಮ್ ಹಿಡಿಯುವ ಭಾಗ 40 ಎಂದಿಟ್ಟುಕೊಂಡರೆ ಒಟ್ಟು 197 ಆಗುತ್ತದೆ. ಇದರಲ್ಲಿ 3 ಮಿ.ಮೀ. ಕಳೆಯಬೇಕು, ಸ್ಟಿಯರರಿನ ತುದಿ ಸ್ಟೆಮ್ಮಿನ ಅಂಚಿಗಿಂತ ತುಸು ಕೆಳಗಿದ್ದರೆ ಮಾತ್ರ ಮೇಲಿನ ಮುಚ್ಚಳ ಸ್ಟೆಮ್ಮನ್ನು ಒತ್ತಿ ಬೇರಿಂಗಿನ ಸಡಿಲವನ್ನು ತೆಗೆಯಬಲ್ಲದು. ಅಲ್ಲಿಗೆ ಬೇಕಾದದ್ದು 194 ಮಿ.ಮೀ. ಕೈಯಲ್ಲಿರುವ ಫೋರ್ಕಿನದು 182 ಮಾತ್ರ ಎನ್ನೋಣ. ಆಗ ಸ್ಟೆಮ್ಮಿನೊಳಗೆ 37 ಮಿ.ಮೀ. ಇರಬೇಕಾದ ಕೊಳವೆ 25 ಮಿ.ಮೀ. ಅಷ್ಟೇ ಇರುತ್ತದೆ. ಸ್ಟೆಮ್ಮಿನ ಹಿಂಬದಿಯ ಎರಡು ಬೋಲ್ಟುಗಳಲ್ಲಿ ಮೇಲಿನದು ಸಾಮಾನ್ಯವಾಗಿ ಬುಡದಿಂದ 30 ಮಿ.ಮೀ. ಆಸುಪಾಸಿನಲ್ಲಿರುವುದರಿಂದ, ಅದು ಬಿಗಿಯುವುದು ಬರಿಯ ಗಾಳಿಯನ್ನು.

ಹನ್ನೆರಡು ಮಿಲಿಮೀಟರಿನಲ್ಲಿ ಏನು ಮಹಾ ಎನಿಸಬಹುದು. ಏರಿನಲ್ಲಿ ಎದ್ದು ನಿಂತು ಪೆಡಲ್ ತುಳಿಯುವಾಗ ಕೈಗಳು ಹ್ಯಾಂಡಲನ್ನು 300 ನ್ಯೂಟನ್ ಬಲದಿಂದ ಮೇಲಕ್ಕೆಳೆದರೆ, 100 ಮಿ.ಮೀ. ಉದ್ದದ ಸ್ಟೆಮ್ಮಿನ ಬುಡದಲ್ಲಿ 30 ನ್ಯೂಟನ್-ಮೀಟರಿನಷ್ಟು ಬಾಗಿಸುವ ತಿರುಚು ಬಲ ಉಂಟಾಗುತ್ತದೆ. ಅದನ್ನು ತಡೆಯುವುದು ಹಿಡಿತದ ಮೇಲಂಚು ಮತ್ತು ಕೆಳಂಚುಗಳು ಕೊಳವೆಯನ್ನು ಎದುರುಬದುರು ಒತ್ತುವ ಜೋಡಿ ಬಲ. ಹಿಡಿತದ ಉದ್ದ ಕುಗ್ಗಿದರೆ ಈ ಬಲಗಳ ನಡುವಿನ ಅಂತರವೂ ಕುಗ್ಗುತ್ತದೆ, ಬಲವನ್ನು ಹೊರುವ ಮೈಯೂ ಕಿರಿದಾಗುತ್ತದೆ. ಹೀಗಾಗಿ ಅಂಚಿನ ಒತ್ತಡ ಉದ್ದದ ವರ್ಗಕ್ಕೆ ವಿಲೋಮವಾಗಿ ಏರುತ್ತದೆ. 37ರ ಬದಲು 25 ಇದ್ದರೆ ಅದು 2 ಪಟ್ಟಿಗಿಂತ ಹೆಚ್ಚು. ಇಂಥ ಸ್ಟೆಮ್ಮನ್ನು ಕೆಲವು ತಿಂಗಳ ಬಳಿಕ ಬಿಚ್ಚಿದರೆ ಅಲ್ಯೂಮಿನಿಯಂ ಕೊಳವೆಯ ಮೇಲೆ ಹೊಳೆಯುವ ಉಂಗುರದಂಥ ಗೀರು ಕಾಣುವುದುಂಟು. ಲೋಹದ ದಣಿವಿನಿಂದ ಹುಟ್ಟುವ ಬಿರುಕು ಇಂಥ ಗೀರಿನಿಂದಲೇ ಮೊದಲಾಗಬಹುದು.

ಹಾಗಾಗಿ ಹಿಡಿತದ ವಿಷಯದಲ್ಲಿ ರಾಜಿ ಕೂಡದು. ಕಡಿತ ಮಾಡುವುದಿದ್ದರೆ ಉಳಿದ ಭಾಗಗಳಲ್ಲಿ ಮಾಡಬೇಕು. ಸ್ಟೆಮ್ಮಿನ ಕೆಳಗೆ ಸ್ಪೇಸರ್ ಬಳೆಗಳಿದ್ದರೆ ಮೊದಲು ಅವನ್ನು ತೆಗೆಯಬೇಕು. ನಮ್ಮ ಲೆಕ್ಕದಲ್ಲಿ ಅವು ಇಲ್ಲ. ಹಿಡಿಯುವ ಭಾಗವೇ 32 ಮಿ.ಮೀ. ಇರುವ ಸ್ಟೆಮ್ ಸಿಕ್ಕರೆ, ಅದರ ಎರಡೂ ಬೋಲ್ಟುಗಳಿಗೆ ಕೊಳವೆ ಸಿಕ್ಕಿಯೂ ಬೇಕಾದ ಉದ್ದ 186ಕ್ಕಿಳಿಯುತ್ತದೆ. ಮೇಲಿನ ಮತ್ತು ಕೆಳಗಿನ ಬಟ್ಟಲುಗಳೆರಡೂ ಸೇರಿ 4 ಮಿ.ಮೀ. ತಗ್ಗಾಗಿರುವ ಹೆಡ್‌ಸೆಟ್ ಹಾಕಿದರೆ 182, ಅಂದರೆ ಇರುವ ಕೊಳವೆಯೇ ಸಾಕು. ಆದರೆ ಮನಸ್ಸಿಗೆ ಬಂದ ಹೆಡ್‌ಸೆಟ್ಟನ್ನು ಹಾಕಲಾಗದು: 34 ಮಿ.ಮೀ. ರಂಧ್ರದ ಹೆಡ್ ಟ್ಯೂಬಿಗೆ ಹೊರಗೆ ಕೂರುವ ಬಟ್ಟಲುಗಳೇ ಗತಿ, 44 ಮಿ.ಮೀ. ಇದ್ದರೆ ಬೇರಿಂಗ್ ಒಳಗೇ ಅಡಗುವುದರಿಂದ ಎತ್ತರ ಬಹಳಷ್ಟು ಉಳಿಯುತ್ತದೆ. ಇದನ್ನು ನಿರ್ಧರಿಸುವುದು ಚೌಕಟ್ಟೇ ಹೊರತು ನಾವಲ್ಲ. ಮೇಲಿನ ಬೇರಿಂಗಿನೊಳಗಿರುವ ಸೀಳು ಉಂಗುರವನ್ನು ತೆಗೆದು ಜಾಗ ಉಳಿಸುವ ಉಪಾಯವಂತೂ ಬೇಡವೇ ಬೇಡ, ಏಕೆಂದರೆ ಸ್ಟಿಯರರನ್ನು ಬೇರಿಂಗಿನ ನಡುವೆ ಅಲುಗದಂತೆ ಹಿಡಿಯುವುದೇ ಅದು.

ಇಷ್ಟಾದ ಮೇಲೆ ಹ್ಯಾಂಡಲ್ ತೀರ ತಗ್ಗಾಯಿತೆಂಬ ದೂರು ಬರುತ್ತದೆ. ಇದಕ್ಕೆ ಪರಿಹಾರ ಸುಲಭ, ಆದರೂ ಹಲವರಿಗೆ ಹೊಳೆಯುವುದಿಲ್ಲ. ಬಹುತೇಕ ಸ್ಟೆಮ್ಮುಗಳು ಸ್ಟಿಯರರಿಗೆ ಲಂಬವಾದ (90 ಡಿಗ್ರಿಯ) ಗೆರೆಗೆ ಸುಮಾರು 6 ಡಿಗ್ರಿ ಓರೆಯಾಗಿರುತ್ತವೆ. 100 ಮಿ.ಮೀ. ಉದ್ದದ ಅಂಥ ಸ್ಟೆಮ್ಮನ್ನು ಕೆಳಮುಖದಿಂದ ಮೇಲ್ಮುಖಕ್ಕೆ ಮಗುಚಿ ಹಾಕಿದರೆ, ಹ್ಯಾಂಡಲ್ ಸ್ಟಿಯರರಿನ ದಿಕ್ಕಿನಲ್ಲಿ 21 ಮಿ.ಮೀ.ನಷ್ಟು ಮೇಲೇರುತ್ತದೆ. ಸ್ಟಿಯರರಿಗೆ ಲಂಬವಾದ ದಿಕ್ಕಿನಲ್ಲಿ ಮುಂದಕ್ಕಿರುವ ಚಾಚು ಕೂದಲೆಳೆಯಷ್ಟೂ ಬದಲಾಗದ ಕಾರಣ, ಸವಾರನಿಗೆ ಇದು 21 ಮಿ.ಮೀ. ಸ್ಪೇಸರ್ ಹಾಕಿದ್ದಕ್ಕೆ ಸರಿಸಮ. ಇನ್ನೂ ಬೇಕೆಂದರೆ 17 ಡಿಗ್ರಿಯ ಸ್ಟೆಮ್ ಇದೆ, ಮೇಲಕ್ಕೆ ಬಾಗಿದ ಹ್ಯಾಂಡಲ್ ಇದೆ. ಎತ್ತರವನ್ನು ಹೀಗೆ ಬೇರೆಡೆಯಿಂದ ತರಬಹುದು, ಹಿಡಿತವನ್ನು ತರಲಾಗದು. ಸ್ಟಿಯರರಿನ ತುದಿಗೆ ಸಿಕ್ಕಿಸುವ ಎತ್ತರಕಗಳಿಗೂ ಸ್ಟೆಮ್ಮಿನಷ್ಟೇ ಹಿಡಿತ ಬೇಕಾದ್ದರಿಂದ, ಗಿಡ್ಡ ಸ್ಟಿಯರರಿಗೆ ಅವು ಮದ್ದಲ್ಲ. ಅಲ್ಯೂಮಿನಿಯಂ ಕೊಳವೆಗೆ ತುಂಡು ಬೆಸುಗೆ ಹಾಕಿಸುವುದು ಅಪಾಯಕರ, ಬೆಸುಗೆಯ ಬಿಸಿಗೆ ಲೋಹ ತನ್ನ ಗಟ್ಟಿತನವನ್ನು ಕಳೆದುಕೊಳ್ಳುತ್ತದೆ. ಕಾರ್ಬನ್ ಸ್ಟಿಯರರ್ ಆದರೆ ಸ್ಟೆಮ್ಮಿನ ಮೇಲೂ 5 ಮಿ.ಮೀ. ಸ್ಪೇಸರ್ ಇರಬೇಕೆಂದು ಹಲವು ತಯಾರಕರು ಹೇಳುತ್ತಾರೆ. ಅಷ್ಟಕ್ಕೆ ಉದ್ದ ಸಾಲದಿದ್ದರೆ ಬೇರೆ ಫೋರ್ಕ್ ಕೊಳ್ಳುವುದೇ ಸರಿ.

ಜೋಡಣೆಯಲ್ಲಿ ಕ್ರಮ ಮುಖ್ಯ. ಮುಚ್ಚಳದ ಬೋಲ್ಟ್ ಬೇರಿಂಗಿನ ಸಡಿಲವನ್ನು ತೆಗೆಯುವುದಕ್ಕಷ್ಟೇ, ಸ್ಟೆಮ್ಮನ್ನು ಸ್ಟಿಯರರಿಗೆ ಬಿಗಿದು ಹ್ಯಾಂಡಲನ್ನು ಹಿಡಿಯುವ ಕೆಲಸ ಪಕ್ಕದ, ಅಂದರೆ ಸ್ಟೆಮ್ಮಿನ ಹಿಂಬದಿಯ ಎರಡು ಬೋಲ್ಟುಗಳದ್ದು. ಆದ್ದರಿಂದ ಮೊದಲು ಮುಚ್ಚಳವನ್ನು ಹದವಾಗಿ ಬಿಗಿದು, ಆಮೇಲೆ ಪಕ್ಕದವನ್ನು ಸ್ಟೆಮ್ಮಿನ ಮೇಲೆ ಬರೆದಿರುವ, ಸಾಮಾನ್ಯವಾಗಿ 5 ನ್ಯೂಟನ್-ಮೀಟರಿನಷ್ಟು ಬಿಗಿಗೆ ತರಬೇಕು. ಬಳಿಕ ಹ್ಯಾಂಡಲನ್ನು ಅಡ್ಡ ತಿರುಗಿಸಿ, ಮುಂದಿನ ಬ್ರೇಕ್ ಒತ್ತಿ, ಮೇಲಿನ ಬಟ್ಟಲಿನ ಸಂದಿಗೆ ಬೆರಳಿಟ್ಟು ಸೈಕಲ್ಲನ್ನು ಹಿಂದೆ ಮುಂದೆ ಅಲ್ಲಾಡಿಸಬೇಕು. ಬೆರಳಿಗೆ ಟಕ್ಕೆನ್ನುವ ಅಲುಗಾಟ ಸಿಕ್ಕರೆ ಪಕ್ಕದ ಬೋಲ್ಟುಗಳನ್ನು ಸಡಿಲಿಸಿ ಮುಚ್ಚಳವನ್ನು ತುಸು ಬಿಗಿಮಾಡಿ, ಮತ್ತೆ ಅದೇ ಕ್ರಮದಲ್ಲಿ ಜೋಡಿಸಬೇಕು.