ಪಾಠ ಕೇಳದ ಮಗು ಏನನ್ನು ಕೇಳುತ್ತಿರುತ್ತದೆ?

ಬಿ.ಎಡ್ ಇಂಟರ್ನ್‌ಶಿಪ್‌ಗೆ ಯಾದಗಿರಿ ಕಡೆಯ ಒಂದು ಶಾಲೆಗೆ ಹೋಗಿದ್ದೆ. ಆರನೇ ತರಗತಿಯಲ್ಲಿ ಒಬ್ಬ ಹುಡುಗ ಇದ್ದ. ಗುಣಾಕಾರ ಹೇಳಿಕೊಡುವಾಗ ಬೋರ್ಡು ನೋಡುತ್ತಲೇ ಇರಲಿಲ್ಲ. ಹೊರಗೆ ಯಾರದೋ ಚಪ್ಪಲಿ ಸದ್ದಾದರೆ ಮಾತ್ರ ಎಲ್ಲರಿಗಿಂತ ಮೊದಲು ಅವನ ತಲೆ ತಿರುಗುತ್ತಿತ್ತು. 'ಲಕ್ಷ್ಯ ಇಲ್ಲ' ಅಂತ ಡೈರಿಯಲ್ಲಿ ಬರೆದೆ. ಹಿಂಸೆ, ನಿರ್ಲಕ್ಷ್ಯ ಕಂಡ ಮಕ್ಕಳ ಕಲಿಕೆ ಬಗ್ಗೆ ಬಿ.ಎಡ್‌ನ ಘಟಕ ಓದಿದ ಮೇಲೆ ಆ ಮಾತು ಹೊಡೆದುಹಾಕಿದೆ. ಲಕ್ಷ್ಯ ಪೂರ್ತಿ ಇತ್ತು, ಬಾಗಿಲ ಕಡೆ ಇತ್ತು. ಯಾಕೆ ಅಂತ ನಾನು ಕೇಳಲೇ ಇಲ್ಲ. ಅದು ಈಗಲೂ ಚುಚ್ಚುತ್ತದೆ.

ಜೋಳದ ಹೊಲದಲ್ಲಿ ಅಟ್ಟಣಿಗೆ ಮೇಲೆ ನಿಂತು ಹಕ್ಕಿ ಕಾಯುವವರನ್ನು ನೋಡಿದ್ದೀರಲ್ವಾ? ಕಾಯುವ ಹೊತ್ತಿನಲ್ಲಿ ಕೆಳಗಿಳಿದು ಕಳೆ ಕೀಳಲು ಆಗುವುದಿಲ್ಲ. ಪದೇ ಪದೇ ಹೊಡೆತ, ಬೈಗುಳ, ಹಿಂಸೆ ಕಂಡ ಮಗುವಿನ ಮಿದುಳೂ ಹೀಗೇ ಕಾವಲಿಗೆ ನಿಂತಿರುತ್ತದೆ. ಅಪಾಯ ಗುರುತಿಸುವ ಭಾಗ ಅಮಿಗ್ಡಲ. ಅದು ಸಣ್ಣ ಸದ್ದಿಗೂ ಎಚ್ಚರವಾಗುತ್ತದೆ. ಕಾರ್ಟಿಸೋಲ್ ಎಂಬ ಒತ್ತಡದ ಹಾರ್ಮೋನು ಏರುತ್ತದೆ. ಆ ಹೊತ್ತಿನಲ್ಲಿ ಹಣೆಯ ಹಿಂದಿನ ಪ್ರಿಫ್ರಂಟಲ್ ಕಾರ್ಟೆಕ್ಸ್‌ನ ಕೆಲಸ ಕುಂಟುತ್ತದೆ. ಯೋಚಿಸುವುದು, ತಡೆದುಕೊಳ್ಳುವುದು, ಒಂದು ವಿಷಯವನ್ನು ತುಸು ಹೊತ್ತು ತಲೆಯಲ್ಲಿ ಹಿಡಿದಿಡುವುದು ಅದರ ಕೆಲಸ.

ಕೊನೆಯದಕ್ಕೆ 'ಕಾರ್ಯಸ್ಮೃತಿ' ಅಂತಾರೆ. 47ನ್ನು 6ರಿಂದ ಗುಣಿಸಿ ನೋಡಿ. ಆರೇಳು ನಲವತ್ತೆರಡು, 2 ಬರೆದು 4 ಕೈಯಲ್ಲಿ. ಆಗಲೇ ಬಾಗಿಲು ಧಡ್ ಅಂದರೆ ಆ 4 ಹೋಯಿತು. ಮಗ್ಗಿ ಬಾಯಿಪಾಠ ಇದ್ದರೂ ಉತ್ತರ ತಪ್ಪು. ನಾವು 'ದಡ್ಡ' ಅನ್ನುತ್ತೇವೆ. ಹೊಸದನ್ನು ನೆನಪಿಗೆ ಸೇರಿಸುವ ಹಿಪೊಕ್ಯಾಂಪಸ್ ಕೂಡ ಬಹುಕಾಲದ ಒತ್ತಡಕ್ಕೆ ಸೊರಗುತ್ತದೆ. ನಿನ್ನೆ ಕಲಿತದ್ದು ಇವತ್ತು ಇಲ್ಲ ಅನ್ನಲು ಇದೂ ಒಂದು ಕಾರಣ.

ನನಗೆ ತುಂಬಾ ತಟ್ಟಿದ್ದು ಅಮೆರಿಕದ ಮನೋವಿಜ್ಞಾನಿ ಸೇತ್ ಪೊಲಾಕ್ ಅವರ ಪ್ರಯೋಗ. ಮಸುಕಾದ ಮುಖದ ಚಿತ್ರವನ್ನು ಸ್ವಲ್ಪ ಸ್ವಲ್ಪವಾಗಿ ಸ್ಪಷ್ಟ ಮಾಡುತ್ತಾ ಹೋಗುತ್ತಾರೆ. ಹೊಡೆತ ತಿಂದ ಮಕ್ಕಳು ಸಿಟ್ಟಿನ ಮುಖವನ್ನು ಉಳಿದವರಿಗಿಂತ ಬೇಗ, ಇನ್ನೂ ಮಸುಕಾಗಿದ್ದಾಗಲೇ ಗುರುತಿಸಿದರು. ಅಂದರೆ ಈ ಮಕ್ಕಳೂ ಕಲಿತಿದ್ದಾರೆ. ಮನೆ ಕಲಿಸಿದ ಪಾಠ ಅದು.

ಪರೀಕ್ಷೆಗೆ ಇನ್ನೊಂದು ವ್ಯತ್ಯಾಸ ನೆನಪಿಡಿ: ಹಿಂಸೆ ಬೇರೆ, ನಿರ್ಲಕ್ಷ್ಯ ಬೇರೆ. ಯಾರೂ ಮಾತಾಡಿಸದೆ, ಎತ್ತಿಕೊಳ್ಳದೆ ಬೆಳೆದ ಮಗುವಿನಲ್ಲಿ ಹೆಚ್ಚು ಹಿಂದೆ ಬೀಳುವುದು ಭಾಷೆ ಮತ್ತು ಯೋಚನೆ. ಇಲ್ಲಿ ದಯವಿಟ್ಟು ಆತುರ ಬೇಡ. ನಮ್ಮ ಕಡೆ ತಂದೆ ತಾಯಿ ಬೆಂಗಳೂರು, ಮುಂಬೈಗೆ ಗುಳೆ ಹೋಗುತ್ತಾರೆ, ಮಗು ಅಜ್ಜಿ ಹತ್ತಿರ ಉಳಿಯುತ್ತದೆ. ಅದು ಹೊಟ್ಟೆಪಾಡು, ನಿರ್ಲಕ್ಷ್ಯ ಅಲ್ಲ. ಕಥೆ ಹೇಳುವ ಅಜ್ಜಿ ಇದ್ದರೆ ಮಗುವಿಗೆ ಎಷ್ಟೋ ಆಸರೆ. ಹಾಗೇ, ಚಡಪಡಿಸುವ ಪ್ರತಿ ಮಗುವೂ ಹಿಂಸೆ ಕಂಡಿದೆ ಅಂತಲೂ ಅಲ್ಲ. ಹಸಿವು, ಕಿವಿ, ಕಣ್ಣು ಮೊದಲು ನೋಡಿ.

ಹೀಗೆ ಹಿಂದೆ ಬೀಳುವುದು ಹಣೆಬರಹವೂ ಅಲ್ಲ. ರೊಮೇನಿಯಾದ ಬುಖಾರೆಸ್ಟ್‌ನಲ್ಲಿ 2000ದಲ್ಲಿ ಶುರುವಾದ ಅಧ್ಯಯನದಲ್ಲಿ ಅನಾಥಾಲಯಗಳ 136 ಮಕ್ಕಳಿದ್ದರು. ಅವರಲ್ಲಿ ಮನೆಯಲ್ಲಿಟ್ಟು ಸಾಕುವ ಕುಟುಂಬಗಳಿಗೆ ಹೋದವರ ಬುದ್ಧಿಮತ್ತೆ ಅಲ್ಲೇ ಉಳಿದವರಿಗಿಂತ ಚೆನ್ನಾಗಿ ಬೆಳೆಯಿತು. ಎರಡು ವರ್ಷದೊಳಗೆ ಹೋದವರಿಗೆ ಲಾಭ ಜಾಸ್ತಿ.

ತರಗತಿಯಲ್ಲಿ ಏನು ಮಾಡಬಹುದು? ಛಡಿ ಬೇಡವೇ ಬೇಡ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಮುಂದೆ ಏನಾಗುತ್ತದೆ ಅಂತ ಮೊದಲೇ ಹೇಳಿ: 'ಈಗ ಐದು ಲೆಕ್ಕ, ಆಮೇಲೆ ಬೆಲ್ಲು, ಆಮೇಲೆ ಊಟ.' ಲೆಕ್ಕದ ಹಂತಗಳನ್ನು ಬೋರ್ಡಿನ ಮೇಲೇ ಬಿಡಿ. ಹಿಂದಿನಿಂದ ಹೋಗಿ ಭುಜ ಮುಟ್ಟಬೇಡಿ. ಹಿಂಸೆಯ ಅನುಮಾನ ಬಂದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಲೈಂಗಿಕ ದೌರ್ಜನ್ಯವಾದರೆ 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ಶಿಕ್ಷಕರಾದ ನಮಗೂ ಅದು ಅನ್ವಯಿಸುತ್ತದೆ.

ಆ ಹುಡುಗ ಸಿಕ್ಕರೆ ಬಾಗಿಲು ನೇರವಾಗಿ ಕಾಣುವ ಜಾಗದಲ್ಲಿ, ಬೆನ್ನಿಗೆ ಗೋಡೆ ಇರುವ ಹಾಗೆ ಕೂರಿಸುತ್ತೇನೆ. ಆಮೇಲೆ ಗುಣಾಕಾರ.