ವೇದಿಕೆ ಹತ್ತಿದರೆ ಲೆಕ್ಕ ಬದಲು

ಹುಬ್ಬಳ್ಳಿಯ ನೆಹರೂ ಮೈದಾನದಲ್ಲಿ ಪಕ್ಷವೊಂದರ ತಾರಾ ಪ್ರಚಾರಕರ ಸಭೆ ಅಂತಿಟ್ಟುಕೊಳ್ಳಿ. ಶಾಮಿಯಾನ, ಕುರ್ಚಿ, ಮೈಕು, ಹಳ್ಳಿಯಿಂದ ಜನ ತಂದ ಟೆಂಪೊ. ಅಭ್ಯರ್ಥಿ ವೇದಿಕೆ ಹತ್ತಲಿಲ್ಲ, ಬ್ಯಾನರಿನಲ್ಲಿ ಅವರ ಹೆಸರು, ಫೋಟೊ ಇಲ್ಲ ಎಂದರೆ ಖರ್ಚು ಪಕ್ಷದ್ದು. ಬಂದು ಪಕ್ಕದಲ್ಲಿ ಕೈ ಮುಗಿದು ನಿಂತರೋ, ಅವರದು. ಧಾರವಾಡ, ಹಾವೇರಿ ಎರಡೂ ಲೋಕಸಭಾ ಕ್ಷೇತ್ರದವರು ನಿಂತರೆ ಇಬ್ಬರಿಗೂ ಸಮಪಾಲು. ಅಭ್ಯರ್ಥಿಯ ಚುನಾವಣಾ ಖರ್ಚಿಗೆ ಮಿತಿ ಉಂಟು: ಕರ್ನಾಟಕದಲ್ಲಿ 2022ರಿಂದ ಲೋಕಸಭೆಗೆ 95 ಲಕ್ಷ, ವಿಧಾನಸಭೆಗೆ 40 ಲಕ್ಷ ರೂಪಾಯಿ. ಪಕ್ಷಕ್ಕೆ ಮಿತಿಯೇ ಇಲ್ಲ.

ಈ ಸಂದಿಯ ಮೂಲ 1974ರಲ್ಲಿದೆ. ಅಭ್ಯರ್ಥಿಯ ಗೆಲುವಿಗೆಂದು ಪಕ್ಷ ಸುರಿದ ಹಣವೂ ಅಭ್ಯರ್ಥಿಯದೇ ಎಂದು ಕನ್ವರ್‌ಲಾಲ್ ಗುಪ್ತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಸರಕಾರಕ್ಕೆ ಅದು ಜೀರ್ಣವಾಗಲಿಲ್ಲ. ಆ ವರ್ಷ ಮುಗಿಯುವಷ್ಟರಲ್ಲಿ ಚುನಾವಣೆ ನಡೆಸುವ ಪ್ರಜಾಪ್ರತಿನಿಧಿ ಕಾಯ್ದೆಯ 77ನೇ ಸೆಕ್ಷನ್ನಿಗೆ ವಿವರಣೆ ಸೇರಿಸಿ, ಪಕ್ಷವಾಗಲಿ ಗೆಳೆಯರಾಗಲಿ ಮಾಡಿದ ಖರ್ಚು ಲೆಕ್ಕಕ್ಕಿಲ್ಲ ಎಂದಿತು. ಮಿತಿ ಕಾಗದದಲ್ಲಿ ಉಳಿಯಿತು, ಅಷ್ಟೇ. ಗೆಳೆಯರ ಖರ್ಚು ಮತ್ತೆ ಲೆಕ್ಕಕ್ಕೆ ಬರಲು 2003 ಆಗಬೇಕಾಯಿತು. ಪಕ್ಷದ ನಾಯಕರ ಓಡಾಟಕ್ಕೆ ಆಗಲೂ ವಿನಾಯಿತಿ ಸಿಕ್ಕಿತು.

ಕೆಳಗೆ, ಅಭ್ಯರ್ಥಿಯ ಮಟ್ಟದಲ್ಲಿ ಮಾತ್ರ ಬಿಗಿ ಜೋರು. ನಾಮಪತ್ರಕ್ಕೆ ಮೊದಲೇ ಚುನಾವಣೆಗೆಂದೇ ಬ್ಯಾಂಕ್ ಖಾತೆ ತೆರೆಯಬೇಕು. ದಿನದ ಖರ್ಚು ಬಿಳಿ ಹಾಳೆಗೆ, ನಗದು ಗುಲಾಬಿಗೆ, ಬ್ಯಾಂಕಿನದು ಹಳದಿಗೆ. ಕುರ್ಚಿ, ಊಟ, ಚಹಾಕ್ಕೆ ಜಿಲ್ಲಾಡಳಿತದ್ದೇ ದರಪಟ್ಟಿ. ವಿಡಿಯೊ ತಂಡದವರು ಸಭೆಯ ಕುರ್ಚಿ, ವಾಹನ ಚಿತ್ರೀಕರಿಸಿಕೊಂಡು ಹೋಗುತ್ತಾರೆ. ಅದನ್ನು ನೋಡಿ ಅಧಿಕಾರಿಗಳು ಬೇರೆಯೇ ಒಂದು ಪುಸ್ತಕ ಬರೆದಿಟ್ಟು ಅಭ್ಯರ್ಥಿಯ ಪುಸ್ತಕಕ್ಕೆ ತಾಳೆ ನೋಡುತ್ತಾರೆ. ಸಾವಿರ ಕುರ್ಚಿಗೆ ಮುನ್ನೂರು ಬರೆದವರಿಗೆ ನೋಟಿಸು. ಗಿರ್ಮಿಟ್, ಮಿರ್ಚಿ ಇಲ್ಲದೆ ನಮ್ಮ ಕಡೆ ಕಾರ್ಯಕರ್ತರ ಸಭೆ ಆಗುವುದಿಲ್ಲ, ಅದಕ್ಕೂ ಬಿಲ್ಲು ಬೇಕು. ಫಲಿತಾಂಶ ಬಂದ 30 ದಿನದಲ್ಲಿ ಲೆಕ್ಕ ಕೊಡದಿದ್ದರೆ ಚುನಾವಣಾ ಆಯೋಗ ಮೂರು ವರ್ಷ ಅನರ್ಹಗೊಳಿಸಬಹುದು.

ಪಕ್ಷಗಳೂ ಖರ್ಚಿನ ವಿವರ ಕೊಡುತ್ತವೆ, ವಿಧಾನಸಭೆಯದನ್ನು 75 ದಿನದಲ್ಲಿ, ಲೋಕಸಭೆಯದನ್ನು 90 ದಿನದಲ್ಲಿ. ಹಣ ಬಂದದ್ದು ಎಲ್ಲಿಂದ ಎಂಬುದು ಮತ್ತೊಂದು ಕತೆ. 20 ಸಾವಿರ ರೂಪಾಯಿ ದಾಟಿದ ದೇಣಿಗೆ ಕೊಟ್ಟವರ ಹೆಸರು ಹೇಳಬೇಕೆಂಬ ನಿಯಮ 2003ರದು. ಬ್ಯಾಂಕಿನಲ್ಲಿ ಕೊಂಡು ಹೆಸರು ಹೊರಬೀಳದಂತೆ ಪಕ್ಷಕ್ಕೆ ಕೊಡಬಹುದಾಗಿದ್ದ, 2018ರಲ್ಲಿ ಬಂದ ಚುನಾವಣಾ ಬಾಂಡ್ ಅದಕ್ಕೆ ಮುಸುಕು ಹಾಕಿತು. 2024ರ ಫೆಬ್ರವರಿ 15ರಂದು ಸುಪ್ರೀಂ ಕೋರ್ಟ್ ಬಾಂಡನ್ನೇ ರದ್ದು ಮಾಡಿದ ಮೇಲೆ ಹೆಸರುಗಳು ಹೊರಬಿದ್ದವು.

ಅಭ್ಯರ್ಥಿ ಕೊಟ್ಟ ಲೆಕ್ಕವನ್ನು ಯಾರು ಬೇಕಾದರೂ ನೋಡಬಹುದು. ನಿಯಮದಲ್ಲಿ ಅದಕ್ಕೆ ಶುಲ್ಕ ಒಂದು ರೂಪಾಯಿ. ಚಹಾದ ಬಿಲ್ಲು ಅಲ್ಲಿ ಸಿಗುತ್ತದೆ. ನಾಯಕರ ಹೆಲಿಕಾಪ್ಟರಿನದು ಸಿಗುವುದು, ಅಭ್ಯರ್ಥಿಯೂ ಅದರಲ್ಲಿ ಹತ್ತಿದ್ದರೆ ಮಾತ್ರ.